ತಲೆ ಎಣಿಸಿದರೆ ಸಾಲದು, ಊರು ಎಣಿಸಬೇಕು

ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳಲ್ಲಿ 2014ರಿಂದ 2017ರವರೆಗೆ ‘ಸಮತಾ’ ಎಂಬ ಅಧ್ಯಯನ ನಡೆಯಿತು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಗಳ ಹುಡುಗಿಯರು ಏಳನೆಯ ತರಗತಿಗೇ ಶಾಲೆ ಬಿಡದೆ ಹೈಸ್ಕೂಲು ಮುಗಿಸುವಂತೆ ಮಾಡಲು ಸಾಧ್ಯವೇ, ಬಾಲ್ಯವಿವಾಹ ತಪ್ಪಿಸಲು ಸಾಧ್ಯವೇ ಎಂಬುದು ಅದರ ಪ್ರಶ್ನೆ. 121 ಹಳ್ಳಿಗಳ ಪೈಕಿ 80ನ್ನು ಚೀಟಿ ಎತ್ತುವ ರೀತಿಯಲ್ಲಿ ಆರಿಸಿ, 40ರಲ್ಲಿ ಕಾರ್ಯಕ್ರಮ ನಡೆಸಿದರು. ಉಳಿದ 40 ಹೋಲಿಕೆಗೆ ಉಳಿದವು. ಲೆಕ್ಕಕ್ಕೆ ಬಂದ ಹುಡುಗಿಯರು 2,457.

ಹಾಗಾದರೆ ಈ ಅಧ್ಯಯನದ ಮಾದರಿ ಗಾತ್ರ ಎಷ್ಟು? ಹುಡುಗಿಯರನ್ನು ಎಣಿಸುವವರು 2,457 ಎನ್ನುತ್ತಾರೆ. ಚೀಟಿ ಎತ್ತಿದ್ದು ಹಳ್ಳಿಗಳ ಹೆಸರಿನಲ್ಲಿ ಅಲ್ಲವೇ ಎನ್ನುವವರು 80 ಎನ್ನುತ್ತಾರೆ. ನಿಜವಾದ ಉತ್ತರ ಇವೆರಡರ ನಡುವೆ ಎಲ್ಲೋ ಇದೆ. ಎಲ್ಲಿದೆ ಎಂದು ಹೇಳಲು ಎರಡು ಸಂಗತಿ ತಿಳಿದಿರಬೇಕು. ಒಂದು, ಒಂದೇ ಊರಿನ ಹುಡುಗಿಯರ ಬದುಕು ಎಷ್ಟರಮಟ್ಟಿಗೆ ಒಂದೇ ಥರ ಸಾಗುತ್ತದೆ ಎಂಬುದು. ಇನ್ನೊಂದು, ಊರಿಂದ ಊರಿಗೆ ಹುಡುಗಿಯರ ಸಂಖ್ಯೆ ಎಷ್ಟು ಏರುಪೇರಾಗುತ್ತದೆ ಎಂಬುದು. ಮೊದಲನೆಯದರ ಬಗ್ಗೆ ಸಂಶೋಧಕರು ಈಗ ಎಚ್ಚರವಾಗಿದ್ದಾರೆ. ಎರಡನೆಯದನ್ನು ಮಾತ್ರ ಇಂದಿಗೂ ಎಷ್ಟೋ ಯೋಜನಾ ಪತ್ರಗಳು ‘ಸರಾಸರಿ ಇಷ್ಟು’ ಎಂದು ಬರೆದು ಮುಗಿಸಿಬಿಡುತ್ತವೆ. ಆ ಸರಾಸರಿಯ ಹಿಂದೆ ಏನೇನು ಅಡಗಿರುತ್ತದೆ ಎಂಬುದೇ ಈ ಲೇಖನದ ವಿಷಯ.

ಒಬ್ಬೊಬ್ಬರ ಹೆಸರಿನಲ್ಲಿ ಚೀಟಿ ಎತ್ತದೆ ಇಡೀ ಊರು, ಶಾಲೆ ಅಥವಾ ಆಸ್ಪತ್ರೆಯ ಹೆಸರಿನಲ್ಲಿ ಚೀಟಿ ಎತ್ತುವ ಪ್ರಯೋಗಗಳನ್ನು ಕ್ಲಸ್ಟರ್ ರ್‍ಯಾಂಡಮೈಸ್ಡ್ ಟ್ರಯಲ್ ಎನ್ನುತ್ತಾರೆ. ಇಲ್ಲಿ ಗುಂಪು ಪ್ರಯೋಗ ಎಂದು ಕರೆಯೋಣ. ಇಂಥ ಪ್ರಯೋಗ ಬೇಕಾಗುವುದಕ್ಕೆ ಕಾರಣ ಸರಳ. ಆಶಾ ಕಾರ್ಯಕರ್ತೆಗೆ ಹೊಸ ತರಬೇತಿ ಕೊಟ್ಟ ಮೇಲೆ, ಈ ಮನೆಯಲ್ಲಿ ಅದನ್ನು ಬಳಸು, ಪಕ್ಕದ ಮನೆಯಲ್ಲಿ ಬಳಸಬೇಡ ಎನ್ನಲಾಗದು. ಕುಡಿಯುವ ನೀರು, ಮಹಿಳಾ ಸಭೆ, ಶಾಲೆಯ ಪಾಠ ಎಲ್ಲವೂ ಹಾಗೆಯೇ.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಒಂದೂರಿನ ಜನ ಒಂದೇ ನೀರು ಕುಡಿಯುತ್ತಾರೆ, ಒಬ್ಬಳೇ ನರ್ಸಮ್ಮನ ಬಳಿ ಹೋಗುತ್ತಾರೆ, ಒಂದೇ ಬಸ್ಸಿಗೆ ಕಾಯುತ್ತಾರೆ. ಆದ್ದರಿಂದ ಹತ್ತು ಜನರನ್ನು ಕೇಳಿದ ಮೇಲೆ ಹನ್ನೊಂದನೆಯವರಿಂದ ಸಿಗುವ ಹೊಸ ಮಾಹಿತಿ ಕಡಿಮೆ. ಈ ಸಾಮ್ಯವನ್ನು ಅಳೆಯುವ ಸಂಖ್ಯೆಗೆ ಒಳಗುಂಪು ಸಹಸಂಬಂಧ ಎಂದು ಹೆಸರು. ಸಂಶೋಧಕರ ಬಾಯಲ್ಲಿ ಅದು ಐಸಿಸಿ. ಸೊನ್ನೆಯಾದರೆ ಊರಿನ ಪ್ರಭಾವ ಇಲ್ಲವೇ ಇಲ್ಲ. ಒಂದಾದರೆ ಊರಿಗೊಬ್ಬರನ್ನು ಕೇಳಿದರೂ ಸಾಕು. ಸಮುದಾಯದ ಆರೋಗ್ಯ ಅಧ್ಯಯನಗಳಲ್ಲಿ ಇದು ಸಾಮಾನ್ಯವಾಗಿ 0.05ರ ಒಳಗಿರುವ ಪುಟ್ಟ ಸಂಖ್ಯೆ. ಪುಟ್ಟದೆಂದು ಕಡೆಗಣಿಸಿದರೆ ಮಾತ್ರ ಲೆಕ್ಕ ತಲೆಕೆಳಗಾಗುತ್ತದೆ.

ಐಸಿಸಿ 0.02 ಎಂದಿಟ್ಟುಕೊಳ್ಳಿ. 50 ಜನರ ಗುಂಪೊಂದು ಕೊಡುವ ಮಾಹಿತಿ, ಬೇರೆ ಬೇರೆ ಕಡೆಯ 25 ಬಿಡಿ ಜನ ಕೊಡುವ ಮಾಹಿತಿಗೆ ಸಮ. ಗುಂಪನ್ನು 500ಕ್ಕೆ ಹಿಗ್ಗಿಸಿದರೆ ಅದು 45 ಜನರಿಗೆ ಸಮ. 5,000ಕ್ಕೆ ಹಿಗ್ಗಿಸಿದರೂ 50ನ್ನು ದಾಟುವುದಿಲ್ಲ. ಒಂದನ್ನು ಐಸಿಸಿಯಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಆ ಗುಂಪಿನ ಗರಿಷ್ಠ ಮಿತಿ. ಗುಂಪುಗಳ ಗಾತ್ರದ ಏರುಪೇರು ಏಕೆ ನಷ್ಟ ತರುತ್ತದೆ ಎಂಬುದಕ್ಕೂ ಉತ್ತರ ಇಲ್ಲೇ ಇದೆ. ದೊಡ್ಡ ಗುಂಪಿಗೆ ಸೇರಿದ ಹೆಚ್ಚುವರಿ ಜನರಿಂದ ಸಿಗುವ ಲಾಭ ಕಡಿಮೆ, ಚಿಕ್ಕ ಗುಂಪಿನಿಂದ ಕಳೆದುಹೋದ ಜನರಿಂದ ಆಗುವ ನಷ್ಟ ಹೆಚ್ಚು. 50 ಮತ್ತು 50ರ ಎರಡು ಗುಂಪು ಸೇರಿ ಸುಮಾರು 50 ಬಿಡಿ ಜನರಿಗೆ ಸಮವಾದರೆ, 90 ಮತ್ತು 10ರ ಎರಡು ಗುಂಪು ಸೇರಿ 41 ಜನರಿಗೆ ಮಾತ್ರ ಸಮ. ಎರಡೂ ಕಡೆ ತಲೆ ನೂರೇ. ಐದರಲ್ಲಿ ಒಂದು ಪಾಲು ಮಾಹಿತಿ ಏರುಪೇರಿನಿಂದಲೇ ಹೋಯಿತು.

ಈ ತಿಳಿವಳಿಕೆ ಶಿಕ್ಷಣ ಕ್ಷೇತ್ರದಲ್ಲಿ ಮೊದಲು ಮೂಡಿತು. ಅಮೆರಿಕದ ಲಿಂಡ್‌ಕ್ವಿಸ್ಟ್ 1940ರಲ್ಲೇ, ತರಗತಿಗಳನ್ನು ಹಂಚಿ ಮಾಡಿದ ಪ್ರಯೋಗದಲ್ಲಿ ತರಗತಿಯೇ ಲೆಕ್ಕದ ಘಟಕವಾಗಬೇಕು ಎಂದು ಬರೆದಿದ್ದರು. ಲೆಸ್ಲಿ ಕಿಶ್ 1965ರಲ್ಲಿ ಸಮೀಕ್ಷೆಗಳಿಗಾಗಿ ‘ವಿನ್ಯಾಸ ಪರಿಣಾಮ’ ಎಂಬ ಅಳತೆಯನ್ನು ಬಳಕೆಗೆ ತಂದರು. ಗುಂಪಾಗಿ ಆರಿಸಿದ್ದರಿಂದ ಮಾದರಿಯನ್ನು ಎಷ್ಟು ಪಟ್ಟು ಹಿಗ್ಗಿಸಬೇಕು ಎಂದು ಅದು ಹೇಳುತ್ತದೆ: ಗುಂಪಿನ ಗಾತ್ರದಿಂದ ಒಂದು ಕಳೆದು, ಐಸಿಸಿಯಿಂದ ಗುಣಿಸಿ, ಒಂದು ಕೂಡಿಸಿದರಾಯಿತು. ಊರುಗಳನ್ನು ಹಂಚಿ ವ್ಯಕ್ತಿಗಳನ್ನು ಹಂಚಿದಂತೆ ವಿಶ್ಲೇಷಿಸುವುದು ನಮ್ಮನ್ನು ನಾವೇ ವಂಚಿಸಿಕೊಳ್ಳುವ ಕೆಲಸ ಎಂದು ಜೆರೋಮ್ ಕಾರ್ನ್‌ಫೀಲ್ಡ್ 1978ರಲ್ಲಿ ಎಚ್ಚರಿಸಿದರು. 1981ರಲ್ಲಿ ಅಲನ್ ಡೋನರ್ ಮತ್ತು ಸಂಗಡಿಗರು ಕಿಶ್ ಅವರ ಅಳತೆಯನ್ನು ಗುಂಪು ಪ್ರಯೋಗಗಳ ಮಾದರಿ ಗಾತ್ರಕ್ಕೆ ಅಳವಡಿಸಿದರು. ಇವರೆಲ್ಲರ ಸರಳ ಸೂತ್ರದಲ್ಲಿ ಗುಂಪುಗಳು ಒಂದೇ ಗಾತ್ರದವು. ಆದರೆ ಊರುಗಳು ಹಾಗಿಲ್ಲ. ಒಂದೇ ತಾಲೂಕಿನಲ್ಲಿ ಇನ್ನೂರು ಜನರ ಹಳ್ಳಿಯೂ ಇರುತ್ತದೆ, ಎಂಟು ಸಾವಿರ ಜನರ ಹೋಬಳಿ ಕೇಂದ್ರವೂ ಇರುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಯಲಿನಲ್ಲಿ 30,000, ಗುಡ್ಡಗಾಡಿನಲ್ಲಿ 20,000 ಜನ ಎಂಬ ಮಾನದಂಡವೇ ಏರುಪೇರನ್ನು ಒಪ್ಪಿಕೊಂಡಿದೆ.

ಏರುಪೇರನ್ನು ಅಳೆಯಲು ಬಳಸುವುದು ವಿಚಲನ ಗುಣಾಂಕ: ಗುಂಪುಗಳ ಗಾತ್ರದ ಮಾನಕ ವಿಚಲನೆಯನ್ನು ಸರಾಸರಿ ಗಾತ್ರದಿಂದ ಭಾಗಿಸಿದ ಸಂಖ್ಯೆ. ಕೆರಿ ಮತ್ತು ಬ್ಲಾಂಡ್ 2001ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಕುಟುಂಬ ವೈದ್ಯರ ಚಿಕಿತ್ಸಾಲಯಗಳನ್ನು ಮುಂದಿಟ್ಟುಕೊಂಡು ಈ ಪ್ರಶ್ನೆ ಎತ್ತಿದರು. ಸಾಂಡ್ರಾ ಎಲ್ಡ್ರಿಜ್, ಡೆಬೊರಾ ಆಶ್ಬಿ ಮತ್ತು ಸ್ಯಾಲಿ ಕೆರಿ 2006ರಲ್ಲಿ ಬಳಸಲು ಸುಲಭವಾದ ಸೂತ್ರ ಕೊಟ್ಟರು. ಗುಣಾಂಕದ ವರ್ಗಕ್ಕೆ ಒಂದು ಕೂಡಿಸಿ, ಅದರಿಂದ ಸರಾಸರಿ ಗಾತ್ರವನ್ನು ಗುಣಿಸಿ, ಹಿಗ್ಗಿದ ಆ ಗಾತ್ರವನ್ನು ಹಳೆಯ ಸೂತ್ರದಲ್ಲಿ ಹಾಕಬೇಕು. ಗುಣಾಂಕ 0.23ಕ್ಕಿಂತ ಕಡಿಮೆ ಇದ್ದರೆ ತಲೆ ಕೆಡಿಸಿಕೊಳ್ಳಬೇಕಿಲ್ಲ ಎಂದೂ ತೋರಿಸಿದರು. ಬ್ರಿಟನ್ನಿನ ಚಿಕಿತ್ಸಾಲಯಗಳಲ್ಲಿ ಅದು ಸಾಮಾನ್ಯವಾಗಿ 0.65ರ ಆಸುಪಾಸು.

ಒಂದು ಕಾಲ್ಪನಿಕ ಲೆಕ್ಕ ಮಾಡಿ ನೋಡೋಣ. ಶಾಲೆ ಬಿಡುವವರ ಪ್ರಮಾಣ ನೂರಕ್ಕೆ 40ರಿಂದ 30ಕ್ಕೆ ಇಳಿದೀತು ಎಂಬ ನಿರೀಕ್ಷೆ. ಅಂಥ ಇಳಿಕೆ ನಿಜಕ್ಕೂ ಇದ್ದರೆ ನೂರರಲ್ಲಿ 80 ಸಲ ಅದನ್ನು ಗುರುತಿಸುವಂತಿರಬೇಕು. ಒಬ್ಬೊಬ್ಬರನ್ನೇ ಹಂಚುವುದಾದರೆ ಕಾರ್ಯಕ್ರಮದ ಬಣ, ಹೋಲಿಕೆಯ ಬಣ ಎಂಬ ಎರಡರಲ್ಲಿ ಪ್ರತಿ ಬಣಕ್ಕೆ 353 ಮಂದಿ ಸಾಕು. ಊರಿಗೆ 50 ಹುಡುಗಿಯರಂತೆ, ಐಸಿಸಿಯನ್ನು ಮರೆತು ಭಾಗಿಸಿದರೆ ಬಣಕ್ಕೆ 8 ಊರು. ಐಸಿಸಿ 0.02 ಎಂದು ಸೇರಿಸಿದರೆ 14 ಊರು. ಊರುಗಳ ಗಾತ್ರದ ವಿಚಲನ ಗುಣಾಂಕ 0.65 ಎಂದು ಎಲ್ಡ್ರಿಜ್ ಸೂತ್ರಕ್ಕೆ ಹಾಕಿದರೆ 17 ಊರು. ಎಂಟರಿಂದ ಹದಿನೇಳಕ್ಕೆ ಬಂದೆವು. ಇದರಲ್ಲಿ ಕೊನೆಯ ಮೂರು ಊರು ಏರುಪೇರಿನ ಪಾಲು.

ಇಲ್ಲಿ ವಿದ್ವಾಂಸರ ನಡುವೆ ಒಂದು ಭಿನ್ನಾಭಿಪ್ರಾಯವಿದೆ. ಅದು ಬರೀ ತಾಂತ್ರಿಕ ಜಗಳವಲ್ಲ, ಹಣ ಮತ್ತು ಶ್ರಮದ ಪ್ರಶ್ನೆ. ಎಲ್ಡ್ರಿಜ್ ಸೂತ್ರ ಪ್ರತಿ ವ್ಯಕ್ತಿಗೂ ಸಮಾನ ತೂಕ ಕೊಡುವ ವಿಶ್ಲೇಷಣೆಗೆ ಹೊಂದುತ್ತದೆ. ಅಂದರೆ ದೊಡ್ಡ ಊರಿಗೆ ಅದರ ಗಾತ್ರದಷ್ಟೇ ದನಿ. ಆದರೆ ದೊಡ್ಡ ಊರಿನ ಮಾಹಿತಿ ಅದರ ಗಾತ್ರದಷ್ಟು ಬೆಳೆಯುವುದಿಲ್ಲ ಎಂದು ಮೇಲೆ ಕಂಡೆವು. ಇಂದು ಬಳಕೆಯಲ್ಲಿರುವ ಮಿಶ್ರ ಮಾದರಿಗಳು ಪ್ರತಿ ಊರಿಗೂ ಅದು ಕೊಡುವ ಮಾಹಿತಿಗೆ ತಕ್ಕ ತೂಕವನ್ನೇ ಕೊಡುತ್ತವೆ. ನೆದರ್ಲೆಂಡ್ಸ್‌ನ ವಾನ್ ಬ್ರೂಕೆಲನ್, ಕಾಂಡೆಲ್ ಮತ್ತು ಬರ್ಗರ್ 2007ರಲ್ಲಿ, ಹಾಗೆ ವಿಶ್ಲೇಷಿಸಿದರೆ ಏರುಪೇರಿನಿಂದ ಆಗುವ ನಷ್ಟಕ್ಕೆ ಒಂದು ಮೇಲ್ಮಿತಿ ಇದೆ ಎಂದು ತೋರಿಸಿದರು. ಅವರ ಅಂದಾಜು ಸೂತ್ರದ ಪ್ರಕಾರ ನಷ್ಟ ವಿಚಲನ ಗುಣಾಂಕದ ವರ್ಗದ ಕಾಲು ಭಾಗವನ್ನು ಮೀರದು. ಗುಣಾಂಕ 0.65 ಆದರೆ ನಷ್ಟ ಹೆಚ್ಚೆಂದರೆ ಶೇ. 10.6; ಅದನ್ನು ತುಂಬಲು ಶೇ. 12ರಷ್ಟು ಹೆಚ್ಚು ಗುಂಪು ಸಾಕು. ನಮ್ಮ ಲೆಕ್ಕದಲ್ಲಿ 17ರ ಬದಲು 16 ಊರು.

ಒಂದೂರಿನ ವ್ಯತ್ಯಾಸಕ್ಕೆ ಇಷ್ಟು ಮಾತೇಕೆ ಎನಿಸಬಹುದು. ಐಸಿಸಿಯನ್ನು 0.05ಕ್ಕೆ ಏರಿಸಿ ನೋಡಿ. ಸಮಾನ ಗಾತ್ರವಾದರೆ 25 ಊರು. ಎಲ್ಡ್ರಿಜ್ ಪ್ರಕಾರ 32. ವಾನ್ ಬ್ರೂಕೆಲನ್ ಪ್ರಕಾರ 27 (ಇಲ್ಲಿ ನಷ್ಟ ಆ ಮೇಲ್ಮಿತಿಗಿಂತ ಕಡಿಮೆ). ಈಗ ಬಣಕ್ಕೆ ಐದು ಊರಿನ ಅಂತರ. ಐಸಿಸಿ ಅಥವಾ ಗುಂಪಿನ ಗಾತ್ರ ದೊಡ್ಡದಾದಂತೆ ಎಲ್ಡ್ರಿಜ್ ಸೂತ್ರ ಅಗತ್ಯಕ್ಕಿಂತ ಹೆಚ್ಚು ಜನರನ್ನು ಕೇಳತೊಡಗುತ್ತದೆ. ನನ್ನ ಅಭಿಪ್ರಾಯ ಸ್ಪಷ್ಟ: ಯಾವ ವಿಶ್ಲೇಷಣೆ ಮಾಡುತ್ತೇವೆ ಎಂಬುದನ್ನು ಮೊದಲು ನಿರ್ಧರಿಸಿ, ಅದಕ್ಕೆ ಹೊಂದುವ ಸೂತ್ರವನ್ನೇ ಬಳಸಬೇಕು. ಮಿಶ್ರ ಮಾದರಿಯಲ್ಲಿ ವಿಶ್ಲೇಷಿಸುವವರು ಎಲ್ಡ್ರಿಜ್ ಸೂತ್ರ ಹಿಡಿದರೆ ಸಾರ್ವಜನಿಕ ಹಣ ವ್ಯರ್ಥ. ಪ್ರತಿ ಊರಿನ ಸರಾಸರಿ ತೆಗೆದು ಎಲ್ಲ ಊರಿಗೂ ಸಮಾನ ತೂಕ ಕೊಡುವವರ ದಾರಿ ಮತ್ತೆ ಬೇರೆ. ಹೇಯ್ಸ್ ಮತ್ತು ಬೆನೆಟ್ 1999ರಲ್ಲಿ ಕೊಟ್ಟ ಜನಪ್ರಿಯ ಸೂತ್ರ ಅವರಿಗೆ ಹೊಂದುತ್ತದೆ. ಅದರಲ್ಲಿ ಗಾತ್ರ ಬೇರೆ ಬೇರೆಯಾದಾಗ ಸಾಮಾನ್ಯ ಸರಾಸರಿಯ ಬದಲು ಹರಾತ್ಮಕ ಸರಾಸರಿ ಹಾಕಬೇಕು. ಚಿಕ್ಕ ಊರುಗಳು ಆ ಸರಾಸರಿಯನ್ನು ಬಲವಾಗಿ ಕೆಳಗೆಳೆಯುತ್ತವೆ. ಹತ್ತು ಮತ್ತು ತೊಂಬತ್ತರ ಸಾಮಾನ್ಯ ಸರಾಸರಿ 50, ಹರಾತ್ಮಕ ಸರಾಸರಿ 18.

ವಿಚಲನ ಗುಣಾಂಕ ಮೊದಲೇ ಹೇಗೆ ತಿಳಿಯಬೇಕು? ಜನಗಣತಿಯ ಹಳ್ಳಿವಾರು ಪಟ್ಟಿ, ಶಾಲಾ ದಾಖಲಾತಿ, ಆರೋಗ್ಯ ಕೇಂದ್ರದ ಹೆರಿಗೆ ರಿಜಿಸ್ಟರ್ ಇದ್ದಲ್ಲಿ ಅರ್ಧ ದಿನದ ಕೆಲಸ. ಪಟ್ಟಿ ಇಲ್ಲದಿದ್ದರೆ ಅತಿ ದೊಡ್ಡ ಗುಂಪಿನ ಗಾತ್ರದಿಂದ ಅತಿ ಚಿಕ್ಕದನ್ನು ಕಳೆದು, ನಾಲ್ಕರಿಂದ ಭಾಗಿಸಿ, ಸರಾಸರಿಯಿಂದ ಮತ್ತೆ ಭಾಗಿಸಿದರೆ ಒರಟು ಅಂದಾಜು ಸಿಗುತ್ತದೆ. ಚಿಕ್ಕದು 10, ದೊಡ್ಡದು 120, ಸರಾಸರಿ 50 ಆದರೆ 0.55. ಏರುಪೇರನ್ನು ಮೂಲದಲ್ಲೇ ತಗ್ಗಿಸುವ ದಾರಿಯೂ ಉಂಟು: ಚಿಕ್ಕ ಹಳ್ಳಿಗಳನ್ನು ಜೋಡಿಸಿ ಒಂದು ಗುಂಪು ಮಾಡುವುದು. ಜಾರ್ಖಂಡ್ ಮತ್ತು ಒಡಿಶಾಗಳಲ್ಲಿ ಮಹಿಳಾ ಸಭೆಗಳ ಮೂಲಕ ನವಜಾತ ಶಿಶುಗಳ ಸಾವು ತಗ್ಗಿಸಲು ಹೊರಟ ‘ಏಕಜುಟ್’ ಸಂಸ್ಥೆಯ ಪ್ರಯೋಗ ಮೂರು ಜಿಲ್ಲೆಗಳ 2,28,186 ಜನರನ್ನು 36 ಗುಂಪುಗಳಲ್ಲಿ ಹಂಚಿಕೊಂಡಿತ್ತು. 2010ರಲ್ಲಿ ಪ್ರಕಟವಾದ ಫಲಿತಾಂಶದಂತೆ ಮೂರು ವರ್ಷಗಳಲ್ಲಿ ನವಜಾತ ಶಿಶು ಮರಣ ಶೇ. 32ರಷ್ಟು ಇಳಿದಿತ್ತು. ಕೇವಲ 36 ಗುಂಪುಗಳಿಂದ ಇಷ್ಟು ಸ್ಪಷ್ಟ ಉತ್ತರ ಬಂದದ್ದು ಪರಿಣಾಮ ದೊಡ್ಡದಿದ್ದ ಕಾರಣ.

ಪರಿಣಾಮ ಚಿಕ್ಕದಾದಾಗ ಎಷ್ಟು ತಲೆ ಸೇರಿಸಿದರೂ ಗುಂಪುಗಳ ಸಂಖ್ಯೆಯೇ ಕೈ ಕಟ್ಟುತ್ತದೆ. ಉತ್ತರ ಪ್ರದೇಶದ ‘ದೇವ್ತಾ’ ಅಧ್ಯಯನ ಇದಕ್ಕೆ ಜಗತ್ತಿನಲ್ಲೇ ದೊಡ್ಡ ಉದಾಹರಣೆ. ಮಕ್ಕಳಿಗೆ ಆರು ತಿಂಗಳಿಗೊಮ್ಮೆ ವಿಟಮಿನ್ ಎ ಕೊಟ್ಟರೆ ಸಾವು ತಗ್ಗುವುದೇ ಎಂದು ನೋಡಿದ ಈ ಪ್ರಯೋಗ ಹತ್ತು ಲಕ್ಷ ಮಕ್ಕಳನ್ನು ಒಳಗೊಂಡಿತ್ತು. ಆದರೆ ಚೀಟಿ ಎತ್ತಿದ್ದು 72 ಬ್ಲಾಕ್‌ಗಳ ಹೆಸರಿನಲ್ಲಿ. 2013ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಸಾವು ಶೇ. 4ರಷ್ಟು ಕಡಿಮೆ, ಅದು ಆಕಸ್ಮಿಕವೂ ಆಗಿರಬಹುದು ಎನ್ನುವಷ್ಟು ಅನಿಶ್ಚಿತ. ಬ್ಲಾಕಿಗೆ ಸರಾಸರಿ ಹದಿನಾಲ್ಕು ಸಾವಿರ ಮಕ್ಕಳಿರುವಾಗ ಇನ್ನೊಂದು ಸಾವಿರ ಮಕ್ಕಳು ಸೇರಿದರೂ, ಹೋದರೂ ಉತ್ತರದ ನಿಖರತೆ ಹೆಚ್ಚೇನೂ ಬದಲಾಗದು. ಇಂಥ ಕಡೆ ಏರುಪೇರು ಗೌಣ, ಗುಂಪುಗಳ ಎಣಿಕೆಯೇ ಪ್ರಧಾನ. ಗುಂಪು ಮಧ್ಯಮ ಗಾತ್ರದ್ದಾದಾಗ ಏರುಪೇರು ಅತ್ಯಂತ ಹೆಚ್ಚು ಕಾಡುತ್ತದೆ. ವಾನ್ ಬ್ರೂಕೆಲನ್ ಅವರ ಲೆಕ್ಕದಲ್ಲಿ, ಗುಂಪಿನ ಸರಾಸರಿ ಗಾತ್ರ ಒಂದನ್ನು ಐಸಿಸಿಯಿಂದ ಭಾಗಿಸಿದ ಸಂಖ್ಯೆಗೆ ಹತ್ತಿರವಾದಷ್ಟೂ ನಷ್ಟ ಗರಿಷ್ಠಕ್ಕೆ ಹತ್ತಿರ. ಊರಿಗೆ ಮೂವತ್ತು, ಐವತ್ತು ಜನರಿರುವ ನಮ್ಮ ಬಹುಪಾಲು ಅಧ್ಯಯನಗಳು ಬೀಳುವುದು ಆ ಜಾಗದಲ್ಲೇ.

ಗುಂಪುಗಳು ತೀರ ಕಡಿಮೆ ಇದ್ದಾಗ ಇನ್ನೊಂದು ತೊಡಕು. ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳಲ್ಲಿ ನಡೆದ ‘ಕ್ಲಿಪ್’ ಪ್ರಯೋಗ ಬಸುರಿಯರ ರಕ್ತದೊತ್ತಡದ ತೊಂದರೆಯನ್ನು ಹಳ್ಳಿಯಲ್ಲೇ ಗುರುತಿಸಿ ಚಿಕಿತ್ಸೆ ಆರಂಭಿಸುವ ಪ್ರಯತ್ನ. ಹದಿನಾಲ್ಕು ಸಾವಿರಕ್ಕೂ ಹೆಚ್ಚು ಬಸುರಿಯರು ಇದ್ದರು, ಆದರೆ ಗುಂಪುಗಳು 12. ಪ್ರತಿ ಬಣಕ್ಕೆ ಆರು. ಇಷ್ಟು ಕಡಿಮೆ ಗುಂಪುಗಳಿಂದ ಅನಿಶ್ಚಿತತೆಯನ್ನು ಅಂದಾಜು ಮಾಡುವಾಗ 1.96 ಎಂಬ ಪರಿಚಿತ ಸಂಖ್ಯೆಯ ಬದಲು 2.23 ಬಳಸಬೇಕಾಗುತ್ತದೆ. ಲೆಕ್ಕ ಹಾಕಿ ಬಂದ ಉತ್ತರಕ್ಕೆ ಪ್ರತಿ ಬಣದಲ್ಲೂ ಒಂದು ಗುಂಪು ಹೆಚ್ಚಿಗೆ ಸೇರಿಸಿ ಎಂದು ಹೇಯ್ಸ್ ಮತ್ತು ಬೆನೆಟ್ ಹೇಳಿದ್ದು ಇದಕ್ಕಾಗಿ. ಅದರ ಮೇಲೆ ಗಾತ್ರದ ಏರುಪೇರೂ ಸೇರಿದರೆ, ದೊಡ್ಡ ಕೇಂದ್ರಗಳೆಲ್ಲ ಚೀಟಿಯ ಆಟದಲ್ಲಿ ಒಂದೇ ಬಣಕ್ಕೆ ಬೀಳುವ ಅಪಾಯ ಉಂಟು. ಮೊದಲು ಗಾತ್ರದ ಪ್ರಕಾರ ಪದರ ಮಾಡಿ, ಆಮೇಲೆ ಪದರದೊಳಗೆ ಚೀಟಿ ಎತ್ತುವುದೇ ಇದಕ್ಕೆ ಮದ್ದು.

ಐಸಿಸಿಯ ಅಂದಾಜು ಈ ಎಲ್ಲ ಲೆಕ್ಕದಲ್ಲಿ ಅತ್ಯಂತ ದುರ್ಬಲ ಕೊಂಡಿ. ಮೇಲಿನ ಉದಾಹರಣೆಯಲ್ಲಿ ಅದನ್ನು 0.02ರಿಂದ 0.05ಕ್ಕೆ ಒಯ್ದರೆ 14 ಊರು 25 ಆಯಿತು. ಏರುಪೇರಿನ ತಿದ್ದುಪಡಿ ಅದರ ಮುಂದೆ ಸಣ್ಣದು. ಐದಾರು ಊರಿನ ಪೂರ್ವಭಾವಿ ಅಧ್ಯಯನದಿಂದ ತೆಗೆದ ಐಸಿಸಿಯನ್ನು ನಂಬುವುದು ಅಪಾಯ. ಗಾತ್ರ ಬೇರೆ ಬೇರೆಯಾದ ಗುಂಪುಗಳಿಂದ ಊರುಗಳ ನಡುವಣ ಮತ್ತು ಊರೊಳಗಣ ವ್ಯತ್ಯಾಸಗಳನ್ನು ಬೇರ್ಪಡಿಸುವುದು ಸಂಖ್ಯಾಶಾಸ್ತ್ರದ ಹಳೆಯ, ಕಠಿಣ ಸಮಸ್ಯೆ. ಅದಕ್ಕೆ 1970ರ ದಶಕದ ಆರಂಭದಲ್ಲಿ ಒಂದು ಮುಖ್ಯ ವಿಧಾನ ಕೊಟ್ಟವರು ಸಿ. ಆರ್. ರಾವ್, 1920ರಲ್ಲಿ ನಮ್ಮ ಹೂವಿನ ಹಡಗಲಿಯಲ್ಲಿ ಹುಟ್ಟಿದವರು.

ಇಷ್ಟರವರೆಗೆ ಊರಿನ ಗಾತ್ರಕ್ಕೂ ಅಲ್ಲಿನ ಫಲಿತಾಂಶಕ್ಕೂ ಸಂಬಂಧವಿಲ್ಲ ಎಂದು ಇಟ್ಟುಕೊಂಡೆವು. ಸಂಬಂಧ ಇದ್ದರೆ? ದೊಡ್ಡ ಆಸ್ಪತ್ರೆಗೆ ಕಷ್ಟದ ಹೆರಿಗೆಗಳೇ ಹೆಚ್ಚು ಬರುತ್ತವೆ; ಚಿಕ್ಕ ಕೇಂದ್ರದಲ್ಲಿ ಸುಲಭದ ಹೆರಿಗೆಗಳು. ಉತ್ತರ ಪ್ರದೇಶದ 120 ಆಸ್ಪತ್ರೆಗಳಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ತಾಯಂದಿರೊಡನೆ ನಡೆದ ‘ಬೆಟರ್‌ಬರ್ತ್’ ಪ್ರಯೋಗ ಸುರಕ್ಷಿತ ಹೆರಿಗೆಯ ತಪಾಸಣಾ ಪಟ್ಟಿಯನ್ನು ಪರೀಕ್ಷಿಸಿತು. ಆ ಪಟ್ಟಿಯ ಮೊದಲ ಪ್ರಯೋಗಗಳಲ್ಲಿ ಒಂದು 2010ರಲ್ಲಿ ಕರ್ನಾಟಕದ ಒಂದೇ ಹೆರಿಗೆ ಕೇಂದ್ರದಲ್ಲಿ ನಡೆದಿತ್ತು; ಅಲ್ಲಿ 29 ಕ್ರಮಗಳ ಪೈಕಿ ಸರಾಸರಿ 10 ನಡೆಯುತ್ತಿದ್ದುದು 25ಕ್ಕೆ ಏರಿತ್ತು. 120 ಆಸ್ಪತ್ರೆಗಳ ದೊಡ್ಡ ಪ್ರಯೋಗದಲ್ಲಿ ತಾಯಿ–ಮಗುವಿನ ಸಾವು ಮತ್ತು ತೀವ್ರ ತೊಂದರೆಗಳ ಪ್ರಮಾಣ ಎರಡೂ ಬಣಗಳಲ್ಲಿ ಶೇ. 15ರ ಆಸುಪಾಸಿನಲ್ಲೇ ಉಳಿಯಿತು. ಇಂಥ ಕಡೆ ‘ಸರಾಸರಿ ಪರಿಣಾಮ’ ಎಂದರೆ ಸರಾಸರಿ ತಾಯಿಯ ಮೇಲಿನದೋ, ಸರಾಸರಿ ಆಸ್ಪತ್ರೆಯ ಮೇಲಿನದೋ? ಗಾತ್ರ ಮತ್ತು ಪರಿಣಾಮ ಜೊತೆಯಾಗಿ ಬದಲಾದರೆ ಈ ಎರಡು ಉತ್ತರ ಬೇರೆ ಬೇರೆ. ಆಗ ಮಿಶ್ರ ಮಾದರಿ ಎರಡರಲ್ಲಿ ಯಾವುದನ್ನೂ ಸರಿಯಾಗಿ ಅಳೆಯದಿರಬಹುದು ಎಂದು ಬ್ರೆನನ್ ಕಾಹನ್ ಮತ್ತು ಸಂಗಡಿಗರು ಇತ್ತೀಚೆಗೆ ತೋರಿಸಿದ್ದಾರೆ. ಏರುಪೇರಿನ ಚರ್ಚೆಯಲ್ಲಿ ಇದೇ ಅತ್ಯಂತ ಗಂಭೀರವಾದ ಭಾಗ ಎಂದು ನನಗನ್ನಿಸುತ್ತದೆ. ಊರು ನಾಲ್ಕು ಕಡಿಮೆಯಾದರೆ ಉತ್ತರ ಮಸುಕಾಗುತ್ತದೆ. ಪ್ರಶ್ನೆಯೇ ಅಸ್ಪಷ್ಟವಾದರೆ ಎಷ್ಟು ಊರು ಸೇರಿಸಿದರೂ ಸರಿಯಾದ ಉತ್ತರ ಸಿಗದು.

ಏರುಪೇರು ಪ್ರಯೋಗದ ನಡುವೆಯೂ ಹುಟ್ಟಬಹುದು. ಬಾಂಗ್ಲಾದೇಶದ 600 ಹಳ್ಳಿಗಳಲ್ಲಿ ಕೋವಿಡ್ ಕಾಲದಲ್ಲಿ ನಡೆದ ಮಾಸ್ಕ್ ಪ್ರಯೋಗದಲ್ಲಿ ಹಳ್ಳಿಗಳನ್ನು ಸಮನಾಗಿ ಹಂಚಿದ್ದರು. ಕೊನೆಗೆ ಎಣಿಸಿದಾಗ ಮಾಸ್ಕ್ ಬಣದಲ್ಲಿ 1,78,322 ಜನ, ಹೋಲಿಕೆಯ ಬಣದಲ್ಲಿ 1,63,861. ಊರಿನ ಬಣ ಯಾವುದೆಂದು ತಿಳಿದ ಸಿಬ್ಬಂದಿ ಜನರನ್ನು ಸೇರಿಸಿಕೊಂಡ ರೀತಿಯಲ್ಲೇ ವ್ಯತ್ಯಾಸ ನುಸುಳಿತು ಎಂದು 2022ರಲ್ಲಿ ಅದೇ ದತ್ತಾಂಶವನ್ನು ಮರುವಿಶ್ಲೇಷಿಸಿದ ಚಿಕಿನಾ, ಪೆಗ್ಡನ್ ಮತ್ತು ರೆಕ್ಟ್ ವಾದಿಸಿದರು. ಇದಕ್ಕೆ ಸೂತ್ರದಲ್ಲಿ ಪರಿಹಾರವಿಲ್ಲ. ಚೀಟಿ ಎತ್ತುವ ಮೊದಲೇ ಹೆಸರು ಬರೆದುಕೊಳ್ಳಬೇಕು, ಅಷ್ಟೇ.

ಇಷ್ಟೆಲ್ಲ ಲೆಕ್ಕ ಯಾರಿಗಾಗಿ? ಆರು ದೇಶಗಳ 101 ಗುಂಪುಗಳಲ್ಲಿ ಸುಮಾರು ಒಂದು ಲಕ್ಷ ಹೆರಿಗೆಗಳೊಡನೆ ನಡೆದ ಸ್ಟೀರಾಯ್ಡ್ ಪ್ರಯೋಗದಲ್ಲಿ ಬೆಳಗಾವಿಯೂ ಒಂದು ಕೇಂದ್ರ. ಅವಧಿಗೆ ಮುನ್ನ ಹೆರಿಗೆಯಾಗುವ ಸಂಭವವಿರುವ ತಾಯಂದಿರಿಗೆ ಹಳ್ಳಿಯ ಮಟ್ಟದಲ್ಲೇ ಚುಚ್ಚುಮದ್ದು ಕೊಟ್ಟರೆ ಶಿಶುಗಳು ಉಳಿಯುತ್ತವೆ ಎಂಬುದು ನಿರೀಕ್ಷೆ. ಬಂದ ಫಲಿತಾಂಶ ತದ್ವಿರುದ್ಧ: ಸಾವಿರ ಜನನಕ್ಕೆ ಹೋಲಿಕೆಯ ಬಣದಲ್ಲಿ 23.9 ನವಜಾತ ಶಿಶುಗಳು ತೀರಿಕೊಂಡರೆ, ಚುಚ್ಚುಮದ್ದಿನ ಬಣದಲ್ಲಿ 27.4. ಗುಂಪುಗಳು ಮೂವತ್ತೋ ನಲವತ್ತೋ ಇದ್ದಿದ್ದರೆ ಈ ಅಂತರ ಅನಿಶ್ಚಿತತೆಯಲ್ಲಿ ಮುಳುಗಿ, ವ್ಯತ್ಯಾಸವಿಲ್ಲ ಎಂಬ ಷರಾ ಬೀಳುವ ಸಾಧ್ಯತೆ ಬಹಳವಿತ್ತು. ಮಾದರಿ ಗಾತ್ರದ ಕೊರತೆ ಒಳ್ಳೆಯ ಮದ್ದನ್ನು ಕೈತಪ್ಪಿಸುವಂತೆ, ಕೆಟ್ಟ ಬಳಕೆಯನ್ನು ಮುಂದುವರಿಯಲೂ ಬಿಡುತ್ತದೆ.

ಸಮತಾ ಅಧ್ಯಯನದಲ್ಲಿ ಒಟ್ಟಾರೆ ಪರಿಣಾಮ ಕಾಣಲಿಲ್ಲ. ಶಾಲೆ ಬಿಡುವಿಕೆ ಎರಡೂ ಬಣಗಳಲ್ಲಿ ನಿರೀಕ್ಷೆಗಿಂತ ಕಡಿಮೆ ಇತ್ತು. ಆ ಹಳ್ಳಿಗಳ ಮಟ್ಟಿಗೆ ಅದು ಸಂತೋಷದ ಸುದ್ದಿಯೇ. ಮುಂದಿನ ಅಧ್ಯಯನ ಮಾಡುವವರಿಗೆ ಬೇಕಾದದ್ದು ಅಂಥ ಪ್ರಯೋಗಗಳ ಐಸಿಸಿ ಮತ್ತು ಊರುವಾರು ಸಂಖ್ಯೆಗಳ ಏರುಪೇರು. ಗುಂಪು ಪ್ರಯೋಗಗಳ ವರದಿಗೆಂದು ಕನ್ಸಾರ್ಟ್ ನಿಯಮಾವಳಿಯನ್ನು 2004ರಲ್ಲಿ ವಿಸ್ತರಿಸಿ, 2012ರಲ್ಲಿ ಪರಿಷ್ಕರಿಸಿದರು. ಗುಂಪುಗಳ ಗಾತ್ರ ಸಮಾನವೆಂದು ಇಟ್ಟುಕೊಂಡಿರೋ, ಅಸಮಾನವೆಂದೋ, ಐಸಿಸಿ ಎಷ್ಟು ಎಂದು ಸ್ಪಷ್ಟವಾಗಿ ಬರೆಯಬೇಕೆಂದು ಅದು ಹೇಳುತ್ತದೆ. ನಮ್ಮ ವೈದ್ಯಕೀಯ ಕಾಲೇಜುಗಳ ನೀತಿ ಸಮಿತಿಗಳು ಯೋಜನಾ ಪತ್ರ ಒಪ್ಪುವ ಮುನ್ನ ಈ ಎರಡು ಸಂಗತಿ ಇವೆಯೇ ಎಂದು ನೋಡಲಿ. ಅಧ್ಯಯನ ಮುಗಿಸಿದವರು ಪ್ರತಿ ಗುಂಪಿನ ಗಾತ್ರವನ್ನು, ಬಂದ ಐಸಿಸಿಯನ್ನು ಫಲಿತಾಂಶದ ಕೋಷ್ಟಕದಲ್ಲೇ ಪ್ರಕಟಿಸಲಿ. ವಿಜಯಪುರದ ಶಾಲೆಗಳ ಲೆಕ್ಕಕ್ಕೆ ಬ್ರಿಟನ್ನಿನ ಚಿಕಿತ್ಸಾಲಯಗಳ 0.65 ಅನ್ನು ಎರವಲು ತರುವ ಸ್ಥಿತಿ ಇನ್ನು ಬೇಡ.